ನಾಳೆ ಮೂರೂಕಾಲಿಗೆ, ಟರ್ಮಿನಲ್ 5

2024 ಡಿಸೆಂಬರ್ 6, ಶುಕ್ರವಾರ. ರಾತ್ರಿ 9.40
ನೇಪರ್‌ವಿಲ್, ಶಿಕಾಗೋ ಪಕ್ಕ

ನನ್ನ ಗಂಡ ದುಬೈ ತಲುಪಿದ್ದಾನೆ. ‘ಇಳಿದೆ. ಇಲ್ಲಿ ಒಂದು ಟೀಗೆ ಐನೂರು ರೂಪಾಯಿ ಕಣೇ’ ಅಂತ ಮೆಸೇಜ್ ಬಂತು. ಅಷ್ಟೇ. ಎರಡು ವರ್ಷ ವೀಸಾಗೆ ಕಾದು, ಮನೆ ಬಿಟ್ಟು ಹೊರಟ ಮನುಷ್ಯ ಮೊದಲು ಬರೆದದ್ದು ಟೀ ರೇಟು.

ಮುಂದಿನ ವಿಮಾನ ಶಿಕಾಗೋಗೆ. ನಾಳೆ ಮಧ್ಯಾಹ್ನ ಮೂರೂಕಾಲಿಗೆ ಓಹೇರ್‌ನ ಟರ್ಮಿನಲ್ 5. ನನಗೆ ನಿದ್ದೆ ಬರುವ ಲಕ್ಷಣ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇವತ್ತು ಆಫೀಸಿಗೆ ರಜೆ ಹಾಕಿದ್ದೆ. ಬೆಳಿಗ್ಗೆ ಮೊದಲ ಕೆಲಸ, ಬೂಟು. ಮೈಸೂರಿನಲ್ಲಿ ವರ್ಷವಿಡೀ ಚಪ್ಪಲಿಯಲ್ಲೇ ಓಡಾಡುವ ಪ್ರಾಣಿ ಅವನು. ‘ಬಾಟಾದಲ್ಲಿ 8’ ಅಂದ. ಬಾಟಾದ 8 ಅಂದರೆ ಇಲ್ಲಿ 9. ಆದರೂ ನಂಬಿಕೆ ಬರಲಿಲ್ಲ. ಪಾದವನ್ನು ಹಾಳೆ ಮೇಲಿಟ್ಟು ಗೆರೆ ಎಳೆದು, ಸ್ಕೇಲಿನಲ್ಲಿ ಅಳೆದು ಕಳಿಸು ಅಂದಿದ್ದೆ. ಕಳಿಸಿದ್ದಾನೆ ಪುಣ್ಯಾತ್ಮ. ಕಾಲೇಜಿನ ಉತ್ತರ ಪತ್ರಿಕೆಯ ಹಿಂಬದಿ, ಬಲಗಾಲು, ಎಡಗಾಲು ಎರಡೂ. ಪಕ್ಕದಲ್ಲಿ ‘26.5 ಸೆಂ.ಮೀ. ± 2 ಮಿ.ಮೀ.’ ಅಂತ ಬರೆದಿದ್ದಾನೆ. ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಪಾಠ ಮಾಡಿದವನು, ದೋಷದ ಪ್ರಮಾಣ ಬರೆಯದೆ ಇರಲಾರ. ಫೋನಿನಲ್ಲಿ ಆ ಫೋಟೋ ತೋರಿಸಿದಾಗ ಅಂಗಡಿಯ ಹುಡುಗಿ ನಕ್ಕಳು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇದೆ. ಗಂಡನ ಕಾಲನ್ನು ನಾನು ಇಷ್ಟು ಗಮನ ಕೊಟ್ಟು ನೋಡಿದ್ದು ಇದೇ ಮೊದಲು.

ಆಮೇಲೆ ಕೋಟು. ಇದರಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. 2008ರ ಜನವರಿಯಲ್ಲಿ ನಾವು ಮೂವರು ಇಲ್ಲಿಗೆ ಬಂದಿಳಿದಾಗ ನನಗೆ 17. ದೊಡ್ಡಪ್ಪ ತಮ್ಮನಿಗೆ ಅಂತ ಹಾಕಿದ್ದ ಅರ್ಜಿ ಹತ್ತು ವರ್ಷದ ಮೇಲಾಗಿ ಹಣ್ಣಾಗಿತ್ತು. ಆಗ ವೀಸಾ ಜೊತೆ ಸೀಲ್ ಮಾಡಿದ ಕವರ್ ಕೊಡುತ್ತಿದ್ದರು, ತೆರೆಯಬಾರದು ಅಂತ. ಅಪ್ಪ ಅದನ್ನು ಹಾರಾಟದ ಅಷ್ಟೂ ಹೊತ್ತು ತೊಡೆ ಮೇಲೆ ಇಟ್ಟುಕೊಂಡಿದ್ದರು. ಊಟದ ತಟ್ಟೆ ಬಂದರೆ ಕವರನ್ನು ಅಂಗಿಯೊಳಗೆ ಸೇರಿಸುತ್ತಿದ್ದರು. ಹೊರಗೆ ಬಂದರೆ ದೊಡ್ಡಪ್ಪ ತಮ್ಮ ಮಗನ ಹಳೇ ಕೋಟು ಹಿಡಿದು ನಿಂತಿದ್ದರು. ತೋಳು ನನ್ನ ಬೆರಳು ದಾಟಿ ನೇತಾಡುತ್ತಿತ್ತು. ಜೇಬಿನಲ್ಲಿ ಯಾರದೋ ಚೂಯಿಂಗ್ ಗಮ್ ಕಾಗದ. ಒಳ್ಳೆ ಮನಸ್ಸಿನಿಂದಲೇ ತಂದಿದ್ದರು, ಪಾಪ. ಆದರೆ ಆ ಚಳಿಗಾಲವಿಡೀ ನಾನು ಬೇರೆಯವರ ತೋಳಿನೊಳಗೆ ಇದ್ದೆ. ಇವನಿಗೆ ಹಾಗಾಗಬಾರದು. ಅಳತೆ ನೋಡಿ, ಹೊಸದೇ, ಕಡುನೀಲಿ.

ಈಗ ಸೀಲ್ ಮಾಡಿದ ಕವರ್ ಇಲ್ಲ. ಕಾಗದಪತ್ರ ಎಲ್ಲಾ ಕಂಪ್ಯೂಟರಿನಲ್ಲೇ ಬಂದು ಕೂತಿರುತ್ತದಂತೆ. ‘ಕೈಯಲ್ಲಿ ಏನೂ ಇಲ್ಲದೆ ಹೇಗೆ ಬಿಡ್ತಾರೆ?’ ಅಂತ ಅಪ್ಪನಿಗೆ ಇನ್ನೂ ಅನುಮಾನ.

ಕಾಗದದ ಕಥೆ ಹೇಳಲು ಹೋದರೆ ಬೆಳಗಾಗುತ್ತದೆ. ಮದುವೆ 2022ರ ಡಿಸೆಂಬರ್ 4ಕ್ಕೆ. ಗಂಡನನ್ನು ಇಲ್ಲಿಗೆ ಕರೆಸಿಕೊಳ್ಳುವ ಐ-130 ಅರ್ಜಿ ಹಾಕಿದ್ದು ಮುಂದಿನ ಜನವರಿಯಲ್ಲಿ. ಅದು 13 ತಿಂಗಳು ಅಲ್ಲಾಡಲಿಲ್ಲ. ಆಮೇಲೆ ಡಿಎಸ್-260 ಅನ್ನುವ ವೀಸಾ ಫಾರ್ಮು, ಪೊಲೀಸ್ ಸರ್ಟಿಫಿಕೇಟ್, ಮುಂಬೈಯಲ್ಲಿ ಮೆಡಿಕಲ್, ಅಕ್ಟೋಬರ್ ಮೊದಲ ವಾರ ಬಾಂದ್ರಾ ಕುರ್ಲಾದ ಅಮೆರಿಕನ್ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ. ನಾವು ಕಟ್ಟಿದ್ದು ಅರ್ಜಿಗೆ 535 ಡಾಲರ್, ವೀಸಾಗೆ 325, ನನ್ನ ಜಾಮೀನು ಕಾಗದ ನೋಡಲು 120, ಕಡೆಗೆ ಗ್ರೀನ್ ಕಾರ್ಡ್ ಅಚ್ಚು ಹಾಕಲು 235. ಒಟ್ಟು 1,215. ಮೆಡಿಕಲ್ಲು, ಮುಂಬೈ ಓಡಾಟ ಬೇರೆ. ಕಲ್ಯಾಣ ಮಂಟಪದ ಲೆಕ್ಕ ನೋಡಿದವರಿಗೆ ಇದು ದೊಡ್ಡದಲ್ಲ ಬಿಡಿ.

ಆದರೆ ಹೆಸರಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಇನಿಷಿಯಲ್ಲೇ ಮನೆತನ. ಅವನ ಹಳೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗೇ ಬಿಟ್ಟರೆ ಇಲ್ಲಿನ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಕನ್ನಡ ಕೂಟದಲ್ಲಿ ಒಬ್ಬರಿದ್ದಾರೆ, ಬ್ಯಾಂಕಿನಿಂದ ಬರುವ ಫೋನೆಲ್ಲ ‘ಹಲೋ ಫ್ನೂ’ ಅಂತಲೇ ಶುರು. ನಾವೂ ಈಗ ಅವರನ್ನು ಫ್ನೂ ಅಣ್ಣ ಅನ್ನುತ್ತೇವೆ. ಅರ್ಜಿ ಕಾಯುತ್ತಿದ್ದಾಗ ಇವನು ತನ್ನ ಊರಿನ ಹೆಸರನ್ನೇ ಸರ್‌ನೇಮ್ ಮಾಡಿಸಿ ಹೊಸ ಪಾಸ್‌ಪೋರ್ಟ್ ತೆಗೆಸಿದ. ಊರು ಅಂದರೆ ಇಪ್ಪತ್ತು ಮನೆ, ಒಂದು ಅರಳಿಕಟ್ಟೆ. ಇವತ್ತು ಮಧ್ಯಾಹ್ನ ಆ ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ನಮ್ಮ ಅಪಾರ್ಟ್‌ಮೆಂಟಿನ ಟಪಾಲು ಡಬ್ಬಿಯೊಳಗೆ ಅಂಟಿಸಿದೆ. ಡಬ್ಬಿಯಲ್ಲಿ ಹೆಸರಿಲ್ಲದಿದ್ದರೆ ಗ್ರೀನ್ ಕಾರ್ಡೂ ಸೋಷಿಯಲ್ ಸೆಕ್ಯುರಿಟಿ ಕಾರ್ಡೂ ವಾಪಸ್ ಹೋಗಿಬಿಡುವ ಭಯ. ಅಂಟು ಸರಿಯಾಗಿ ಹಿಡಿಯಲಿಲ್ಲ. ಟೇಪ್ ತಂದು ಮತ್ತೆ ಹಚ್ಚಿದೆ.

ಇನ್ನೊಂದು ಕಾಗದ ಐ-864, ಆಗಲೇ ಹೇಳಿದ ಜಾಮೀನು. ಗಂಡನನ್ನು ಸಾಕುತ್ತೇನೆ ಅಂತ ಸರ್ಕಾರಕ್ಕೆ ಬರೆದುಕೊಡುವುದು. 2024ರಲ್ಲಿ ಇಬ್ಬರ ಸಂಸಾರಕ್ಕೆ ವರ್ಷಕ್ಕೆ 25,550 ಡಾಲರ್ ಆದಾಯ ತೋರಿಸಬೇಕಿತ್ತು. ಅವನು ಸಿಟಿಜನ್ ಆಗುವ ತನಕ, ಇಲ್ಲವೇ ಹತ್ತು ವರ್ಷದಷ್ಟು ದುಡಿಮೆ ಲೆಕ್ಕಕ್ಕೆ ಬರುವ ತನಕ ನನ್ನ ಹೊಣೆ. ಡೈವೋರ್ಸ್ ಆದರೂ ಬಿಡುಗಡೆ ಇಲ್ಲ! ಮಂಟಪದಲ್ಲಿ ಪುರೋಹಿತರು ಹೇಳಿಕೊಟ್ಟ ಹಾಗೆ ‘ನಾತಿಚರಾಮಿ’ ಅಂದವನು ಅವನು. ಸಹಿ ಹಾಕಿ, ಮೂರು ವರ್ಷದ ಟ್ಯಾಕ್ಸ್ ಲೆಕ್ಕ ಲಗತ್ತಿಸಿದವಳು ನಾನು.

ಈಗ ನನ್ನ ಹೊಟ್ಟೆಯಲ್ಲಿರುವ ಒಂದು ಸಿಟ್ಟಿನ ಮಾತು. ಅವನು ದೀಪಾವಳಿ ಕಳೆದ ವಾರವೇ ಬರಬಹುದಿತ್ತು. ವೀಸಾ ಕೈಯಲ್ಲಿತ್ತು. ಆದರೆ ಒಳಗೆ ಕಾಲಿಡುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಕಾರ್ಡು. ಅದು ಮುಗಿಯುವ ಮುನ್ನ ಐ-751 ಅಂತ ಮತ್ತೊಂದು ಅರ್ಜಿ, ಮತ್ತೆ ಫೋಟೋ, ಮತ್ತೆ ನಾವು ನಿಜವಾಗಲೂ ಗಂಡ ಹೆಂಡತಿ ಅಂತ ಸಾಬೀತು ಮಾಡುವುದು. ಎರಡು ವರ್ಷ ತುಂಬಿದ ಮೇಲೆ ಬಂದರೆ ನೇರ ಹತ್ತು ವರ್ಷದ ಕಾರ್ಡು. ‘ಇಷ್ಟು ಕಾದಿದ್ದೇವೆ, ಇನ್ನೊಂದು ತಿಂಗಳು’ ಅಂದ. ಸರಿಯಾದ ಮಾತೇ. ನಾನೇ ಓದಿ ಅವನಿಗೆ ಹೇಳಿದ್ದ ನಿಯಮ ಅದು. ಆದರೂ ಅವನು ಒಂದು ಸಲ ‘ಬೇಡ, ನಾಳೆಯೇ ಬರ್ತೀನಿ’ ಅನ್ನಬಹುದು ಅಂತ ಕಾದಿದ್ದೆ. ಅನ್ನಲಿಲ್ಲ. ಎರಡು ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಾರಣ ಏನು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಹಾಗಾಗಿ ಮೊನ್ನೆ ಬುಧವಾರ ಎರಡನೇ ವಾರ್ಷಿಕೋತ್ಸವವೂ ಫೋನಿನಲ್ಲೇ ಆಯಿತು. ವೀಸಾ ಅಕ್ಟೋಬರಿನಲ್ಲಿ ಆದದ್ದರಿಂದ ಅದರ ಮೇಲೆ ಸಿಆರ್1, ಅಂದರೆ ಎರಡು ವರ್ಷದ ಕಾರ್ಡಿನ ಗುರುತೇ ಇದೆ. ಇಮಿಗ್ರೇಷನ್ ಕೌಂಟರಿನಲ್ಲಿ ಹೇಳಿ ಐಆರ್1, ಅಂದರೆ ಹತ್ತು ವರ್ಷದ್ದು ಮಾಡಿಸಿಕೊಳ್ಳಬೇಕು. ಮದುವೆ ಸರ್ಟಿಫಿಕೇಟ್ ಕೈಚೀಲದ ಮೇಲ್ಗಡೆ ಇಟ್ಟುಕೋ, ದಿನಾಂಕ ತೋರಿಸು, ನಾಚಿಕೊಳ್ಳಬೇಡ ಅಂತ ಹತ್ತು ಸಲ ಹೇಳಿದ್ದೇನೆ. ಅಬುಧಾಬಿ ಮೂಲಕ ಬಂದರೆ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿದು, ಇಲ್ಲಿ ಸುಮ್ನೆ ನಡೆದುಕೊಂಡು ಹೊರಗೆ ಬರಬಹುದಿತ್ತು. ನನಗೇಕೋ ಅದು ಬೇಡ ಅನಿಸಿತು. ಅವನು ಆ ಕೌಂಟರಿನಲ್ಲಿ ನಿಂತಿರುವಾಗ ನಾನು ಗೋಡೆಯ ಈ ಕಡೆಯಾದರೂ ಇರಬೇಕು.

ಅತ್ತೆಯ ಜೊತೆ ಈ ವಾರ ದಿನಾ ಒಂದೇ ಪಂಚಾಯಿತಿ: ಕರಿಬೇವು. ‘ಹಿತ್ತಲಲ್ಲಿ ಗಿಡ ಬಗ್ಗಿ ಹೋಗ್ತಿದೆ, ಎರಡು ಕಡ್ಡಿ ಇಟ್ಟರೆ ಏನಾಗತ್ತೆ?’ ಆಗುತ್ತದೆ. ಹಸಿ ಕರಿಬೇವು ತರುವ ಹಾಗಿಲ್ಲ. ಅದರಲ್ಲಿ ಕೂರುವ ಒಂದು ಸಣ್ಣ ಹುಳದಿಂದ ಇಲ್ಲಿನ ಕಿತ್ತಳೆ, ನಿಂಬೆ ತೋಟಕ್ಕೆ ರೋಗ ಹತ್ತುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳು ಈ ರೋಗದಿಂದಲೇ ನೆಲ ಕಚ್ಚಿವೆ. ಅತ್ತೆ ಎಲ್ಲ ಕೇಳಿಸಿಕೊಂಡು, ‘ನಮ್ಮ ಗಿಡದಲ್ಲಿ ಹುಳ ಇಲ್ಲ’ ಅಂದರು. ನಿನ್ನೆ ಪ್ಯಾಕಿಂಗ್ ಹೊತ್ತಿನಲ್ಲಿ ವಿಡಿಯೋ ಕಾಲ್ ಹಾಕಿಸಿ ಎರಡೂ ಸೂಟ್‌ಕೇಸ್ ನೋಡಿದೆ. ತಲಾ 23 ಕಿಲೋ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಅರಳು ಸಂಡಿಗೆ, ಮಿಡಿ ಉಪ್ಪಿನಕಾಯಿ ಮೂರು ಕವರಿನಲ್ಲಿ. ಅವನ ಬಟ್ಟೆ ಎಲ್ಲಿ ಅಂದರೆ, ಮೂಲೆಯಲ್ಲಿ ನಾಲ್ಕು ಷರ್ಟು ತೋರಿಸಿದ. ತಿಂಡಿ ತೀರ್ಥ ಎಲ್ಲವನ್ನೂ ಡಿಕ್ಲೇರ್ ಮಾಡು ಅಂದಿದ್ದೇನೆ. ಮಾಡುತ್ತಾನೆ. ಪುಡಿಗಳ ತೂಕವನ್ನೂ ± ಹಾಕಿ ಹೇಳಿಯಾನು.

ನಮ್ಮಮ್ಮನದು ಬೇರೆ ಚಿಂತೆ. ಸೊಸೆ ಮನೆಗೆ ಬಂದರೆ ಹೊಸ್ತಿಲಲ್ಲಿ ಸೇರಕ್ಕಿ ಇಟ್ಟು ಒದೆಸುತ್ತಾರೆ. ಅಳಿಯ ಹೆಂಡತಿ ಮನೆಗೆ ಸಂಸಾರ ಮಾಡಲು ಬಂದರೆ ಏನು ಒದೆಸಬೇಕು? ಡೆಟ್ರಾಯಿಟ್ ಕಡೆಯಿಂದ ಮೂರು ಸಲ ಫೋನ್ ಮಾಡಿ, ಕಡೆಗೆ ‘ಓಕುಳಿ ನೀರಿನ ಆರತಿ ಎತ್ತು, ಸಾಕು’ ಅಂದರು. ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು. ನಮ್ಮ ಕಾರಿಡಾರಿನ ಕಾರ್ಪೆಟ್ಟು ತಿಳಿ ಬೂದು ಬಣ್ಣ. ಒಂದು ಹನಿ ಬಿದ್ದರೂ ಡೆಪಾಸಿಟ್ ಗೋವಿಂದ. ಪಾರ್ಕಿಂಗಿನಲ್ಲೇ ಎತ್ತಿಬಿಡುತ್ತೇನೆ. ಪಕ್ಕದ ಮನೆಯ ಮುದುಕಿ ನೋಡಿದರೆ ನೋಡಲಿ.

ಕಾಗದದ ವಿಷಯದಲ್ಲಿ ನನ್ನಷ್ಟು ತಯಾರಾದವರು ಯಾರೂ ಇಲ್ಲ. ಫೋಲ್ಡರಿಗೆ ಬಣ್ಣ ಬಣ್ಣದ ಚೀಟಿ. ಆಫೀಸಿನ ಇನ್ಷೂರೆನ್ಸಿಗೆ ಅವನ ಹೆಸರು ಸೇರಿಸಲು 30 ದಿನ ಇದೆ, ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಆದರೆ ಸಂಜೆ ಬಟ್ಟೆ ಕಪಾಟಿನ ಮುಂದೆ ನಿಂತಾಗ ಕೈ ಓಡಲಿಲ್ಲ. ಎರಡು ವರ್ಷದಲ್ಲಿ ನಾವಿಬ್ಬರೂ ಜೊತೆಗಿದ್ದದ್ದು ಒಟ್ಟು 64 ದಿನ. ಅರ್ಜಿಗೆ ಅಂತ ಲೆಕ್ಕ ಹಾಕಿದ್ದೆ, ಹಾಗಾಗಿ ಗೊತ್ತು. ಆ 64 ದಿನವೂ ಸುತ್ತ ಹತ್ತು ಜನ. ಒಂದು ಮನೆಯಲ್ಲಿ ನಾವಿಬ್ಬರೇ ಅಂತ ಇದ್ದ ದಿನವೇ ಇಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ಅವನು ಮಾತಾಡುತ್ತಾನೋ ಇಲ್ಲವೋ? ನನಗಂತೂ ಆಗಲ್ಲ. ಒಂಬತ್ತು ವರ್ಷ ಒಬ್ಬಳೇ ಇದ್ದು ಅಭ್ಯಾಸ. ಮಂಚದ ನಟ್ಟನಡುವೆ ಮಲಗುತ್ತೇನೆ. ಪಾತ್ರೆಯನ್ನು ಬೆಳಿಗ್ಗೆ ತೊಳೆಯುತ್ತೇನೆ. ಟೀವಿಯ ಧಾರಾವಾಹಿ ಜೊತೆ ಜಗಳ ಆಡುತ್ತೇನೆ. ಇದೆಲ್ಲ ಯಾವ ಫಾರ್ಮಿನಲ್ಲೂ ಕೇಳಿರಲಿಲ್ಲ.

ಕಪಾಟಿನ ಎಡಭಾಗ ಖಾಲಿ ಮಾಡಿದೆ. ಆರು ಹ್ಯಾಂಗರ್ ಬಿಟ್ಟೆ. ಜಿಪುಣತನ ಅನಿಸಿ ಹನ್ನೆರಡು ಮಾಡಿದೆ. ಅವನು ತರುತ್ತಿರುವುದು ನಾಲ್ಕು ಷರ್ಟು.

ಕೆಲಸ ಬಿಟ್ಟು ಬರುತ್ತಿದ್ದಾನೆ. ಇಲ್ಲಿ ಪಾಠ ಮಾಡಲು ಲೈಸೆನ್ಸು, ಅದಕ್ಕೆ ಡಿಗ್ರಿಗಳ ಮೌಲ್ಯಮಾಪನ, ಅದು ಇದು. ಸ್ಟೀರಿಂಗ್ ಎಡಗಡೆ ಇರುವ ಕಾರು ಕಲಿಯಬೇಕು, ಅಲ್ಲಿಯವರೆಗೆ ತರಕಾರಿಗೂ ನನ್ನನ್ನೇ ಕೇಳಬೇಕು. ಹೋದ ಭಾನುವಾರ ಸ್ಕೂಟರ್ ಮಾರಿದ. ಕೊಂಡವನು ಅವನ ಹಳೇ ವಿದ್ಯಾರ್ಥಿ. ಗೇಟಿನಾಚೆ ತಿರುಗುತ್ತಿರುವ ಸ್ಕೂಟರಿನ ಹಿಂಭಾಗದ ಫೋಟೋ ಕಳಿಸಿದ್ದ, ಕೆಳಗೆ ಏನೂ ಬರೆದಿರಲಿಲ್ಲ. ನಾನು ಒಂದು ಹೆಬ್ಬೆರಳು ಒತ್ತಿ ಮೀಟಿಂಗಿಗೆ ಹೋಗಿಬಿಟ್ಟೆ. ಹಾಗೆ ಮಾಡಬಾರದಿತ್ತು.

ಹನ್ನೊಂದೂವರೆ ಆಯಿತು. ಮೂರು ಲೀಟರಿನ ಕುಕ್ಕರ್ ಹೊಸದು, ತೊಳೆದಿಟ್ಟಿದ್ದೇನೆ. ಇಷ್ಟು ದಿನ ಎರಡು ಲೀಟರಿನದರಲ್ಲಿ ಅರ್ಧ ಪಾವು ಅಕ್ಕಿ ಇಡುತ್ತಿದ್ದೆ. ಇವನ ಊಟ ಎಷ್ಟು ಅಂತ ಅತ್ತೆಯನ್ನೇ ಕೇಳಿದೆ. ‘ಅವನು ಜಾಸ್ತಿ ತಿನ್ನಲ್ಲ’ ಅಂದರು. ಈ ಮಾತನ್ನು ಯಾವ ತಾಯಿ ಹೇಳಿದರೂ ನಂಬಬಾರದು. ಒಂದೂವರೆ ಪಾವು ಇಡುತ್ತೇನೆ.

ರಾತ್ರಿ 12.20

‘ಹತ್ತಿದೆ. ಕಿಟಕಿ ಸೀಟು ಸಿಕ್ಕಿತು. ನೀನು ಮಲಗು. ಅಮ್ಮ ಕೈಚೀಲದಲ್ಲಿ ಕರಿಬೇವು ಸೇರಿಸಿದ್ದಳು, ಇಲ್ಲೇ ಬಿಸಾಕಿದೆ, ಅವಳಿಗೆ ಹೇಳಬೇಡ.’

ಹೇಳಲ್ಲ.

ಮರೆತು ಹೋಗಬಾರದು ಅಂತ ಕೋಟನ್ನು ರಾತ್ರಿಯೇ ಕೆಳಗಿಳಿದು ಕಾರಿನಲ್ಲಿಟ್ಟು ಬಂದೆ. ಮೇಲೆ ಬಂದು ದೀಪ ಆರಿಸಿದ ಮೇಲೆ ಹೊಳೆಯಿತು, ಬೆಳಗಾಗುವಷ್ಟರಲ್ಲಿ ಅದು ಮಂಜುಗಡ್ಡೆ ಆಗಿರುತ್ತದೆ ಅಂತ. ಮತ್ತೆ ಬೂಟು ಏರಿಸಿ, ಇಳಿದು ಹೋಗಿ ವಾಪಸ್ ತಂದೆ. ಈಗ ಹೀಟರ್ ಪಕ್ಕದ ಕುರ್ಚಿ ಮೇಲಿದೆ.