ಅಟ್ಟದಲ್ಲಿ ಸಿಕ್ಕ ಏಳು ಸೀಸನ್

ಶಿರಸಿಯಲ್ಲಿ ವಾರದಿಂದ ಮಳೆ ಬಿಟ್ಟಿಲ್ಲ. ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯಿತೇ ಎಂದು ನೋಡಲು ಇಂದು ಅಟ್ಟ ಹತ್ತಿದವಳಿಗೆ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಎಂಬ, ರಕ್ತಪಿಶಾಚಿಗಳನ್ನು ಬೇಟೆಯಾಡುವ ಹುಡುಗಿ ಬಫಿಯ ಕಥೆಯ ಅಮೆರಿಕನ್ ಟಿವಿ ಸರಣಿಯ ಡಿವಿಡಿಗಳು ಸಿಕ್ಕವು. ಏಳು ಸೀಸನ್, 144 ಕಂತು. ಕೊನೆಯ ಡಬ್ಬಿಯ ಮೂಲೆಯನ್ನು ಗೆದ್ದಲು ತಿಂದಿತ್ತು.

2021ರ ಫೆಬ್ರವರಿಯಲ್ಲಿ, ಈ ಸರಣಿಯಲ್ಲಿ ನಟಿಸಿದ್ದ ಕರಿಸ್ಮಾ ಕಾರ್ಪೆಂಟರ್, ತಾನು ಗರ್ಭಿಣಿಯಾಗಿದ್ದಾಗ ಇದರ ಸೃಷ್ಟಿಕರ್ತ ಜಾಸ್ ವೀಡನ್ ತನ್ನನ್ನು ಕ್ರೂರವಾಗಿ ನಡೆಸಿಕೊಂಡರೆಂದು ಬಹಿರಂಗವಾಗಿ ಆರೋಪಿಸಿದರು. ಬಫಿಯ ಪಾತ್ರ ಮಾಡಿದ ಸಾರಾ ಮಿಶೆಲ್ ಗೆಲರ್, ಆ ಪಾತ್ರದೊಂದಿಗೆ ತನ್ನ ಹೆಸರಿರುವುದಕ್ಕೆ ಹೆಮ್ಮೆಯಿದೆ, ಆದರೆ ವೀಡನ್ ಹೆಸರಿನೊಂದಿಗೆ ಸದಾ ಜೋಡಿಸಿಕೊಳ್ಳಲು ಇಷ್ಟವಿಲ್ಲ ಎಂಬರ್ಥದಲ್ಲಿ ಬರೆದರು. ಮರುವರ್ಷದ ಸಂದರ್ಶನದಲ್ಲಿ ವೀಡನ್ ಹಲವು ಆರೋಪಗಳನ್ನು ಅಲ್ಲಗಳೆದರು.

ಸುದ್ದಿ ಓದಿದ ದಿನ ನಾನು ಮೊದಲು ಹುಡುಕಿದ್ದು ನೆಪವನ್ನು. ಚಿತ್ರೀಕರಣದ ಒತ್ತಡವಿದ್ದೀತು, ಇಷ್ಟು ವರ್ಷ ಯಾಕೆ ಸುಮ್ಮನಿದ್ದರು ಎಂದೆಲ್ಲ ಯೋಚಿಸಿದೆ. ಹುಡುಗಿಯರ ಮಾತನ್ನು ನಂಬಬೇಕೆಂದು ನನಗೆ ಕಲಿಸಿದ ಸರಣಿಯನ್ನೇ ಉಳಿಸಿಕೊಳ್ಳಲು ಒಬ್ಬ ಹೆಣ್ಣಿನ ಮಾತನ್ನು ಅನುಮಾನಿಸುತ್ತಿದ್ದೇನೆಂಬುದು ಹೊಳೆಯಲು ಎರಡು ದಿನ ಬೇಕಾಯಿತು. ಕಾರವಾರದ ಗೆಳತಿಯೊಬ್ಬಳು ತನಗೆ ಮೊದಲೇ ಗೊತ್ತಿತ್ತೆಂದು ಹೇಳಿಕೊಂಡಳು. (ಅವಳಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ.) ಸರಣಿ ಒಬ್ಬನ ಸ್ವತ್ತಲ್ಲ, ಅನೇಕ ಬರಹಗಾರರು, ನಟರು ಸೇರಿ ಕಟ್ಟಿದ್ದು ಎಂಬ ವಾದವೂ ಅಭಿಮಾನಿಗಳಲ್ಲಿದೆ, ಅದು ನಿಜವೇ, ಆದರೆ ನಾವು ಅದನ್ನು ಬೇಗನೆ ಹಿಡಿದುಕೊಳ್ಳುವುದು ಬಹುಪಾಲು ನಮ್ಮ ಸಮಾಧಾನಕ್ಕಾಗಿ.

ಡಬ್ಬಿಗಳನ್ನು ಒರೆಸಿ ಕೆಳಗೆ ತಂದಿದ್ದೇನೆ. ಮಗಳು ನೋಡಬೇಕೆಂದು ಕೇಳುತ್ತಿದ್ದಾಳೆ. ಕಾರ್ಪೆಂಟರ್ ಹೇಳಿದ್ದನ್ನು ಅವಳಿಗೆ ಮೊದಲ ಕಂತಿಗಿಂತ ಮುಂಚೆ ಹೇಳುವುದೋ, ಆಮೇಲೋ ಎಂದು ಇನ್ನೂ ನಿರ್ಧರಿಸಿಲ್ಲ.