ಈಗ ಚಿಲ್ಲೂರು ಬಡ್ನಿ ಅಂದರೆ ಸಾಕು

ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರು. ಹೊಸ ಜಿಲ್ಲೆ ಆದ ಮೇಲೂ ನಮ್ಮ ಊರು ಎಲ್ಲಿದೆ ಅಂತ ಹೇಳುವುದು ಸುಲಭ ಆಗಲಿಲ್ಲ. ಬೆಂಗಳೂರಿನಲ್ಲಿ ಯಾರಾದರೂ "ಯಾವೂರು ನಿಮ್ದು?" ಅಂದರೆ "ಹುಬ್ಬಳ್ಳಿ ಕಡೆ" ಅಂದುಬಿಡುತ್ತಿದ್ದೆವು. ನಮ್ಮ ತಾಲ್ಲೂಕು ಸವಣೂರು ಅಂದರೆ ಕೆಲವರಿಗೆ ಖಾರದ ತಿಂಡಿ ನೆನಪಾಗುತ್ತಿತ್ತು. ಇನ್ನು ಕೆಲವರಿಗೆ ನವಾಬರು, ವೀಳ್ಯದೆಲೆ, ದೊಡ್ಡ ಹುಣಸೆ ಅಂತ ಕರೆಯುವ ಬಾವೊಬಾಬ್ ಮರಗಳು. ಸಾಹಿತ್ಯ ಓದಿದವರಾದರೆ ವಿ. ಕೃ. ಗೋಕಾಕರು ಹುಟ್ಟಿದ ಊರು ಅನ್ನುತ್ತಿದ್ದರು. ತಾಲ್ಲೂಕಿನ ಹಳ್ಳಿಗಳ ಹೆಸರಂತೂ ಯಾರಿಗೂ ಗೊತ್ತಿರಲಿಲ್ಲ.

ಈಗ "ಚಿಲ್ಲೂರು ಬಡ್ನಿ ಹತ್ತಿರ" ಅಂದರೆ ಸಾಕು. "ಓ, ಹನುಮಂತನ ಊರು!" ಅನ್ನುತ್ತಾರೆ. ಟಿವಿಯಲ್ಲಿ ಹಾಡಿ ಹೆಸರಾದ ಹನುಮಂತ ಲಮಾಣಿ ಅವನು. ಆಮೇಲೆ ಮಾತು ಅರ್ಧ ಗಂಟೆ ಅವನ ಸುತ್ತಲೇ ಇರುತ್ತದೆ. ಅವನನ್ನು ನಾನು ಮುಖಾಮುಖಿ ಕಂಡವಳಲ್ಲ. ಆದರೂ ಪ್ರತಿ ಸಲ ಎದೆ ಉಬ್ಬುತ್ತದೆ.

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಅಂತ ಮೇಷ್ಟ್ರು ಫೋನ್ ಮಾಡಿದಾಗ ಬರೆಯಲು ಬೇಕಾದಷ್ಟು ಇತ್ತು. ಗ್ರಂಥಾಲಯ, ತಪ್ಪಿಸಿಕೊಂಡ ಬಸ್ಸುಗಳು, ಪರೀಕ್ಷೆಯ ದಿನಗಳು. ಆದರೆ ನನಗೆ ಮೊದಲು ನೆನಪಾದದ್ದು ಹಾಡುಗಳು. ನಮ್ಮ ಕಾಲೇಜಿನಲ್ಲಿ ಹಾಡುವವರಿಗೆ ಬರ ಇರಲಿಲ್ಲ. ಶಿಗ್ಗಾಂವಿ ಕಡೆಯಿಂದ ಬರುತ್ತಿದ್ದ ಹುಡುಗರಿಗೆ ಶರೀಫರ ತತ್ವಪದಗಳು ಬಾಯಿಪಾಠ. 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿದವರ ಪದಗಳು ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದವು. ಅವನ್ನು ಯಾರೂ ಅವರಿಗೆ ಪಾಠ ಮಾಡಿರಲಿಲ್ಲ. ಶ್ರಾವಣದ ಸೋಮವಾರ, ಅಮಾವಾಸ್ಯೆ ಅಂತ ಗುಡಿಯಲ್ಲಿ ಭಜನೆ ನಡೆದಾಗ ಅಪ್ಪನ ಪಕ್ಕ ಕೂತು ಕಲಿತವರು ಅವರು.

ನಮಗೆ ಕನ್ನಡ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಇದನ್ನು ಪಾಠದ ನಡುವೆ ಹೇಳುತ್ತಲೇ ಇರುತ್ತಿದ್ದರು. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಪುಟ್ಟರಾಜ ಗವಾಯಿಗಳು ದೇವಗಿರಿಯವರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಗಾಯಕಿ ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಿ. ಆದರೆ ಜಗತ್ತಿಗೆಲ್ಲ ಪರಿಚಯ ಆದದ್ದು ಹಾನಗಲ್ಲಿನ ಹೆಸರಿನಿಂದ. "ನಿಮ್ಮ ಮಣ್ಣಿನಾಗ ಸ್ವರ ಐತಿ, ನಿಮಗ ಗೊತ್ತಿಲ್ಲ" ಅನ್ನುತ್ತಿದ್ದರು ಮೇಷ್ಟ್ರು. ನಾವು ಸುಮ್ನೆ ತಲೆ ಆಡಿಸುತ್ತಿದ್ದೆವು.

ನಮ್ಮ ತರಗತಿಯಲ್ಲಿ ತಾಂಡಾದಿಂದ ಬರುತ್ತಿದ್ದ ಗೆಳತಿಯೊಬ್ಬಳಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಲಂಬಾಣಿ ಹಾಡು ಹೇಳುತ್ತಿದ್ದಳು. ಅವರ ಮಾತಿಗೆ ತನ್ನದೇ ಲಿಪಿ ಇಲ್ಲ. ಮದುವೆಯ ಹಾಡು, ಹಬ್ಬದ ಹಾಡು, ಮಗಳನ್ನು ಕಳಿಸಿಕೊಡುವಾಗಿನ ಅಳು, ಎಲ್ಲವೂ ಹೆಂಗಸರ ಬಾಯಿಂದ ಬಾಯಿಗೆ ಬಂದದ್ದು. ನಮಗೆ ಅರ್ಥ ಆಗುತ್ತಿರಲಿಲ್ಲ. ಆದರೂ ಅವಳು ಶುರು ಮಾಡಿದರೆ ಪಕ್ಕದ ಕೋಣೆಯವರೂ ಮಾತು ನಿಲ್ಲಿಸುತ್ತಿದ್ದರು. ಎತ್ತರದ ದನಿ. ತೆರೆದ ಗಂಟಲು. ಬಯಲಿನಲ್ಲಿ ಹಾಡಿ ಅಭ್ಯಾಸ ಇದ್ದವರ ದನಿ ಅದು. ಮೈಕ್ ಬೇಕಾಗಿರಲಿಲ್ಲ.

ಅವಳನ್ನು ಗ್ಯಾದರಿಂಗಿನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಹಾಡಿಸಬೇಕು ಅಂತ ನಮಗೆಲ್ಲ ಆಸೆ. ಹೆಸರೂ ಕೊಟ್ಟೆವು. ಆದರೆ ಸ್ಪರ್ಧೆ ಇದ್ದದ್ದು ಎರಡೇ, ಭಾವಗೀತೆ ಮತ್ತು ಸಿನಿಮಾ ಹಾಡು. ಲಂಬಾಣಿ ಹಾಡು ಯಾವುದರಲ್ಲಿ ಬರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. "ಸಿನಿಮಾ ಹಾಡು ಬರೋದಾದ್ರ ಹಾಡವಾ" ಅಂದರು. ಅವಳು ನಕ್ಕು ಬಂದು ನಮ್ಮ ಜೊತೆ ಕೂತಳು. ಆ ದಿನ ವೇದಿಕೆ ಮೇಲೆ ಹಾಡಿದವರೆಲ್ಲ ಚೆನ್ನಾಗಿಯೇ ಹಾಡಿದರು. ಆದರೂ ನನಗೆ ಇವತ್ತಿಗೂ ನೆನಪಿರುವುದು ಹಾಡದೇ ಕೂತ ಅವಳು ಮಾತ್ರ.

2018ರಲ್ಲಿ ಜೀ ಕನ್ನಡದ ಸರಿಗಮಪ ಕಾರ್ಯಕ್ರಮದ 15ನೇ ಆವೃತ್ತಿ ಶುರು ಆಯಿತು. ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಒಂದು ರಾತ್ರಿ ಅದೇ ಗೆಳತಿಯ ಫೋನ್ ಬಂತು. "ಲಗೂನ ಟಿವಿ ಹಚ್ಚಲೇ, ನಮ್ಮ ಹುಡುಗ ಹಾಡಾಕತ್ತಾನ!" ಹಚ್ಚಿದೆ. ಎದುರಿಗೆ ತೀರ್ಪುಗಾರರಾಗಿ ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ. ಮಹಾಗುರುಗಳ ಸ್ಥಾನದಲ್ಲಿ ಹಂಸಲೇಖ. ಅಷ್ಟು ದೊಡ್ಡವರ ಮುಂದೆ ಕುರಿ ಕಾಯುವ ಹುಡುಗ, ಹನುಮಂತ ಲಮಾಣಿ, ನಮ್ಮ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯವನು, ಬಾಯಿ ಬಿಟ್ಟು ಹಾಡಿದ. ನನಗೆ ಮೊದಲು ಕಿವಿಗೆ ಬಿದ್ದದ್ದು ಆ ಗಂಟಲು. ನಮ್ಮ ಬುತ್ತಿ ಕೋಣೆಯಲ್ಲಿ ಕೇಳಿದ ಅದೇ ತೆರೆದ ದನಿ. ದಮ್ಮಡಿ, ತಾಳ, ಹಾರ್ಮೋನಿಯಂ ಎಲ್ಲದರ ಮೇಲೆ ತೇಲಿ ಗುಡಿಯ ಹಿಂದಿನ ಸಾಲಿನವರಿಗೂ ಮುಟ್ಟಬೇಕಾದ ಭಜನೆಯ ದನಿ. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಆ ಕಡೆ ಗೆಳತಿ ಅಳುತ್ತಿದ್ದಳು. ಈ ಕಡೆ ನಾನೂ.

ಆಮೇಲಿನ ವಾರಗಳಲ್ಲಿ ನಮ್ಮ ಊರುಗಳಲ್ಲಿ ನಡೆದದ್ದನ್ನು ಇಲ್ಲೇ ಇದ್ದ ನಿಮಗೆ ನಾನು ಹೇಳಬೇಕಿಲ್ಲ. ಶನಿವಾರ, ಭಾನುವಾರ ರಾತ್ರಿ ಬೀದಿ ಖಾಲಿ. ಟಿವಿ ಇದ್ದ ಮನೆಯ ಪಡಸಾಲೆ ತುಂಬ ಜನ. ನಮ್ಮ ಅಜ್ಜಿ ಯಾವತ್ತೂ ಎಂಟು ಗಂಟೆಗೆ ಮಲಗುವವರು. ಅವರೂ ಎದ್ದು ಕೂತು "ಈ ಹುಡುಗನ ಸರದಿ ಬಂದಾಗ ಎಬ್ಬಸ್ರಿ ಅಂದ್ರ ಎಬ್ಬಸಂಗಿಲ್ಲ ನೀವು, ಅದಕ್ಕ ಮಕ್ಕೊಳ್ಳಂಗೇ ಇಲ್ಲ" ಅನ್ನುತ್ತಿದ್ದರಂತೆ. ಜಾತಿ, ಓಣಿ, ಪಕ್ಷ ಅಂತ ವರ್ಷವಿಡೀ ಬೇರೆ ಬೇರೆ ಕೂರುವವರು ಒಂದೇ ಚಾಪೆ ಮೇಲೆ ಕೂತದ್ದನ್ನು ಅಮ್ಮ ಫೋನಿನಲ್ಲಿ ಹೇಳಿದರು. ನನಗೆ ಅದು ಸಣ್ಣ ಸಂಗತಿ ಅನ್ನಿಸಲಿಲ್ಲ.

2019ರ ಫೈನಲ್‌ನಲ್ಲಿ ಕೀರ್ತನ್ ಹೊಳ್ಳ ಗೆದ್ದರು. ಹನುಮಂತ ರನ್ನರ್ ಅಪ್ ಆದ. ಊರಲ್ಲಿ ಕೆಲವರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ಕೀರ್ತನ್ ಕೂಡ ಬಹಳ ಚೆನ್ನಾಗಿ ಹಾಡುವವರು. ನಮ್ಮವನು ಅಲ್ಲಿವರೆಗೆ ಬಂದದ್ದು ಯಾರ ದಯೆಯಿಂದಲೂ ಅಲ್ಲ, ಗಂಟಲಿನಿಂದ.

ಒಂದು ಮಾತು ಮಾತ್ರ ಮನಸ್ಸಿಗೆ ಚುಚ್ಚಿತು. ಅವನ ಬಗ್ಗೆ ಮಾತಾಡುವಾಗ "ಮುಗ್ಧ" ಅಂದವರೇ ಜಾಸ್ತಿ. ಅವನ ನಗು, ಅವನ ಮಾತು, ಅವನ ಉಡುಪು, ಅವನ ಕುರಿಗಳು, ಇವನ್ನೇ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದು ನನಗೆ ಗೊತ್ತು. ಆದರೆ ಭಜನೆಯಲ್ಲಿ ಮುಂದಾಳಾಗಿ ಪದ ಹಿಡಿಯುವುದು ಮುಗ್ಧರ ಕೆಲಸ ಅಲ್ಲ. ನೂರಾರು ಸಾಲು ನೆನಪಿರಬೇಕು. ಹಿಂದಿನವರು ಸೊಲ್ಲು ತಿರುಗಿ ಹೇಳುವಷ್ಟರಲ್ಲಿ ಉಸಿರು ತೆಗೆದುಕೊಂಡು ಮುಂದಿನ ನುಡಿ ಎತ್ತಬೇಕು. ಕೂತವರಿಗೆ ನಿದ್ದೆ ಬರುತ್ತಿದೆ ಅನ್ನಿಸಿದರೆ ಲಯ ಏರಿಸಬೇಕು. ಇದೆಲ್ಲ ವರ್ಷಗಟ್ಟಲೆ ರಾತ್ರಿ ಎಚ್ಚರ ಇದ್ದು ಕಲಿಯುವ ವಿದ್ಯೆ. ಹೆಸರು ಒಂದು ರಾತ್ರಿಯಲ್ಲಿ ಬಂದಿರಬಹುದು. ಹಾಡು ಹಾಗೆ ಬರುವುದಿಲ್ಲ ಅಲ್ವಾ? ಅವನನ್ನು ಹೊಗಳುವವರು ಅವನ ವಿದ್ಯೆಯನ್ನು ಮೊದಲು ಹೊಗಳಲಿ ಅಂತ ನನ್ನ ಆಸೆ.

ಬಿಗ್ ಬಾಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ನೋಡದವರು ನಮ್ಮ ಕಡೆ ಇಲ್ಲ. 11ನೇ ಆವೃತ್ತಿಗೆ ವೈಲ್ಡ್ ಕಾರ್ಡ್ ಮೂಲಕ ಹೋದ. 2025ರ ಜನವರಿಯಲ್ಲಿ ಗೆದ್ದು 50 ಲಕ್ಷ ರೂಪಾಯಿ ಬಹುಮಾನ ತಂದ. ಲುಂಗಿ ಉಟ್ಟೇ ಓಡಾಡಿದ, ನಮ್ಮ ಮಾತನ್ನೇ ಆಡಿದ. ನನ್ನ ಮಗಳು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವ ಕನ್ನಡ ಕೇಳಿ ಮೊದಲು ನಗುತ್ತಿದ್ದಳು. ಈಗ "ನನಗೂ ಹಂಗ ಮಾತಾಡಾಕ ಕಲಸು" ಅನ್ನುತ್ತಾಳೆ. ಯಾವ ಬಹುಮಾನಕ್ಕಿಂತ ನನಗೆ ಇದು ದೊಡ್ಡದು.

ಹೋದ ದೀಪಾವಳಿಗೆ ಬಂದಾಗ ಗೆಳತಿಯ ತಾಂಡಾಕ್ಕೆ ಹೋಗಿದ್ದೆ. ಅವಳೀಗ ಅಂಗನವಾಡಿ ಶಿಕ್ಷಕಿ. ಮಕ್ಕಳಿಗೆ ಲಂಬಾಣಿ ಹಾಡು ಹೇಳಿಕೊಡುತ್ತಾಳೆ. "ಮೊದಲ ತಾಯಂದಿರು ಬ್ಯಾಡ ಅಂತಿದ್ರು, ಕನ್ನಡ ಕಲಸ್ರಿ, ಇಂಗ್ಲಿಷ್ ಕಲಸ್ರಿ ಅಂತಿದ್ರು. ಈಗ ಅವರೇ ಬಂದು ಹಾಡತಾರ" ಅಂದಳು. ಅವಳ ಅತ್ತೆಗೆ ಬರುವಷ್ಟು ಹಾಡು ಅವಳಿಗೆ ಬರುವುದಿಲ್ಲವಂತೆ. ಅತ್ತೆಗೆ ವಯಸ್ಸಾಗಿದೆ. ಈ ಮಾತು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲು ಆಗುತ್ತಿಲ್ಲ.

ಅದಕ್ಕೇ ಈ ಬರಹದ ಜೊತೆ ಒಂದು ಕೋರಿಕೆ. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಪ್ರತಿ ವರ್ಷ ಯಾವುದಾದರೂ ಹಳ್ಳಿಯಲ್ಲಿ ನಡೆಯುತ್ತದೆ. ಸಂಜೆಯ ಹೊತ್ತು ವಿದ್ಯಾರ್ಥಿಗಳು ಆ ಊರಿನ ಭಜನೆಯವರನ್ನು, ಸೋಬಾನೆ ಹಾಡುವ ಹೆಂಗಸರನ್ನು, ತಾಂಡಾದ ಅಜ್ಜಿಯರನ್ನು ಕೂರಿಸಿ ರೆಕಾರ್ಡ್ ಮಾಡಲಿ. ಹಾಡಿದವರ ಹೆಸರು, ಯಾರಿಂದ ಕಲಿತರು ಅನ್ನುವುದನ್ನು ಬರೆದುಕೊಳ್ಳಲಿ. ಜಾನಪದ ವಿಶ್ವವಿದ್ಯಾಲಯ ದೂರ ಇಲ್ಲ, ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಅಲ್ಲಿನವರನ್ನು ಕೇಳಿದರೆ ಹೇಗೆ ಮಾಡಬೇಕು ಅಂತ ತಿಳಿಸಿಕೊಡುತ್ತಾರೆ. ಮತ್ತೆ ಗ್ಯಾದರಿಂಗಿನಲ್ಲಿ ಭಜನೆ ಪದ ಮತ್ತು ಮನೆಮಾತಿನ ಹಾಡು ಅಂತ ಇನ್ನೊಂದು ಸ್ಪರ್ಧೆ ಇಡಿ. ಯಾವ ಮಾತಿನಲ್ಲಾದರೂ ಹಾಡಲಿ.

ಹಾರ್ಮೋನಿಯಂ, ದಮ್ಮಡಿ, ರೆಕಾರ್ಡರ್ ಖರ್ಚು ನಮ್ಮ ಬ್ಯಾಚಿನವರದು. ಎಲ್ಲರೂ ಒಪ್ಪಿದ್ದಾರೆ. ಮೊದಲ ಸ್ಪರ್ಧೆಗೆ ತೀರ್ಪುಗಾರಳಾಗಿ ಬರಲು ಗೆಳತಿಯೂ ಒಪ್ಪಿದ್ದಾಳೆ. ಪ್ರಾಚಾರ್ಯರು ದಿನಾಂಕ ತಿಳಿಸಿದರೆ ಸಾಕು, ನಾವು ಹಿಂದಿನ ದಿನವೇ ಬಂದಿರುತ್ತೇವೆ.