ಇನ್ನೂ ಹಂಚಿನ ಮನೆಯಲ್ಲೇ ಇದ್ದೀರಾ?

ಮಾರ್ನಮಿಗೆ, ಅಂದರೆ ನವರಾತ್ರಿಗೆ, ನಮ್ಮ ಮನೆಯಲ್ಲಿ ನೆಂಟರು ಜಾಸ್ತಿ. ಮಂಗಳಾದೇವಿಯ ರಥ ಮಾರ್ನಮಿಕಟ್ಟೆಗೆ ಬರುವ ದಿನ ಮಂಗಳೂರಿನ ಜೆಪ್ಪುವಿನಲ್ಲಿ ಮನೆ ಇರುವವರ ಪಾಡೇ ಅದು. ಊಟ ಆಗಿ ಚಾವಡಿಯಲ್ಲಿ ಕಾಲು ಚಾಚಿ ಕೂತ ಮೇಲೆ ಯಾರಾದರೂ ಒಬ್ಬರು ಮೇಲೆ ಮಾಡಿನ ಹಂಚನ್ನು ನೋಡಿ ಕೇಳಿಯೇ ಕೇಳುತ್ತಾರೆ: "ಅಲ್ಲ ಮಾರಾಯ್ರೆ, ಇನ್ನೂ ಹಂಚಿನ ಮನೆಯಲ್ಲೇ ಇದ್ದೀರಲ್ಲ. ಬಿಲ್ಡರ್‌ಗೆ ಕೊಟ್ಟು ಎರಡು ಫ್ಲ್ಯಾಟ್ ತಗೊಳ್ಳಬಾರದಾ?"

ಸುಲಭದ ಉತ್ತರ ಒಂದು ಉಂಟು. ಜಾಗ ಅಜ್ಜಿಯ ಹೆಸರಿನಲ್ಲಿತ್ತು, ಈಗ ಒಂಬತ್ತು ಜನರ ಸಹಿ ಬೇಕು, ಅದರಲ್ಲಿ ಇಬ್ಬರಿಗೆ ಮಾತುಕತೆ ಇಲ್ಲ. ಇಷ್ಟು ಹೇಳಿದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ಆದರೆ ಒಂಬತ್ತೂ ಸಹಿ ಸಿಕ್ಕಿದರೂ ನಾನು ಕೊಡುತ್ತಿರಲಿಲ್ಲವೇನೋ. ಅದಕ್ಕೆ ಕಾರಣ ಹೇಳಲು ಹಂಚಿನಿಂದಲೇ ಶುರು ಮಾಡಬೇಕು.

ಊರಿಡೀ ಮಂಗಳೂರು ಹಂಚು ಅಂತ ಹೇಳುತ್ತದಲ್ಲ, ಅದು ನಿಜವಾಗಿ ಜೆಪ್ಪುವಿನ ಹಂಚು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲೇ ಮಂಗಳೂರಿಗೆ ಬಂದಿದ್ದರು. ಅವರ ಅಚ್ಚುಕೂಟದಲ್ಲಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಜಾಗ ಸುಮ್ನೆ ಆರಿಸಿದ್ದಲ್ಲ. ನದಿ ಬದಿಯ ಗದ್ದೆಗಳಲ್ಲಿ ಅಂಟುವ ಆವೆಮಣ್ಣು ಇತ್ತು. ಭಟ್ಟಿಗೆ ಬೇಕಾದ ಕಟ್ಟಿಗೆ ನೀರಿನ ದಾರಿಯಲ್ಲೇ ಬರುತ್ತಿತ್ತು. ಸುಟ್ಟ ಹಂಚನ್ನು ಮಂಜಿ ಹಡಗಿಗೆ ತುಂಬಿಸಿ ಕಳಿಸಲು ಬಂದರು ಹತ್ತಿರ. ಅದಕ್ಕೆ ಮೊದಲು ನಮ್ಮಂಥವರ ಮನೆಗೆ ಮುಳಿಹುಲ್ಲಿನ ಮಾಡು, ಇಲ್ಲದಿದ್ದರೆ ತೆಂಗಿನ ಮಡಲು. ವರ್ಷ ವರ್ಷ ಹೊದಿಸಬೇಕು, ಬೆಂಕಿಯ ಹೆದರಿಕೆ ಬೇರೆ.

ಅಜ್ಜಿ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಹಸಿ ಹಂಚನ್ನು ಹೊತ್ತು ನೆರಳಿನಲ್ಲಿ ಸಾಲಾಗಿ ಒಣಗಿಸಲು ಇಡುವುದು ಹೆಂಗಸರ ಕೆಲಸ. ಒಂದೊಂದು ಹಂಚು ಎರಡೂವರೆ ಕೆಜಿಯಷ್ಟು ತೂಗುತ್ತದೆ, ಹಸಿ ಇರುವಾಗ ಇನ್ನೂ ಜಾಸ್ತಿ. ಕಾರ್ಖಾನೆಯ ಕೂಗು ಕೇಳಿಯೇ ಮನೆಯಲ್ಲಿ ಗಂಜಿಗೆ ಅಕ್ಕಿ ಬೀಳುತ್ತಿತ್ತಂತೆ. ಕೂಗು ನಿಂತದ್ದು ಯಾವಾಗ ಅಂತ ಕೇಳಿದರೆ ಅಜ್ಜಿ "ಟೆರೇಸ್ ಮನೆ ಬಂತಲ್ಲ, ಆಗ" ಅನ್ನುತ್ತಿದ್ದರು. ಇಸವಿ ಹೇಳುತ್ತಿರಲಿಲ್ಲ.

ಹಂಚಿನ ಮನೆ ಸ್ವರ್ಗ ಅಂತ ನಾನು ಹೇಳುವುದಿಲ್ಲ. ರೆಸಾರ್ಟಿನಲ್ಲಿ ಎರಡು ದಿನ ಇದ್ದು ಬಂದವರು ಹಾಗೆ ಹೇಳಬಹುದು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಬೆಕ್ಕು ಓಡಿದರೆ ಹಂಚು ಜರಗುತ್ತದೆ. ತೆಂಗಿನಕಾಯಿ ಬಿದ್ದರೆ ಕೇಳುವುದೇ ಬೇಡ. ಹಂಚು ಕೂರುವ ಮರದ ರೀಪಿಗೆ ಒರಲೆ ಹಿಡಿಯುತ್ತದೆ. ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಒಮ್ಮೆ ಮಾಡು ಹತ್ತಿಸಿ ನೋಡಿಸಲೇಬೇಕು, ಹತ್ತುವ ಜನ ಸಿಗುವುದು ಈಗ ಕಷ್ಟ. ಎರಡು ವರ್ಷದ ಹಿಂದೆ ತಡ ಮಾಡಿದೆವು. ಜೂನ್ ಇಡೀ ಮಂಚದ ಮೇಲೆ ಚೆಂಬು, ಬಾಲ್ದಿ, ಇಡ್ಲಿ ಅಟ್ಟೆಯ ಕೆಳಗಿನ ಪಾತ್ರೆ ಕೂಡ.

ಆದರೆ ಒಂದು ವಿಷಯ ಉಂಟು. ಹಂಚು ಒಡೆದರೆ ಆ ಒಂದು ಹಂಚನ್ನು ಬದಲಾಯಿಸಿದರೆ ಆಯಿತು. ಹಂಚಿನ ಹಿಂಬದಿಯ ಗುಬ್ಬಿ ಅನ್ನುವ ಉಬ್ಬು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಬದಿಯ ತೋಡು ಪಕ್ಕದ ಹಂಚಿನ ಮೇಲೆ ಕೂರುತ್ತದೆ. ಸಿಮೆಂಟು ಬೇಡ, ಮೊಳೆ ಬೇಡ. ಟೆರೇಸಿನವರು ಸೋರಿಕೆ ಎಲ್ಲಿಂದ ಅಂತ ಹುಡುಕಿ ಸೋತು, ಕೊನೆಗೆ ಮೇಲೆ ಶೀಟ್ ಹಾಕಿಸುತ್ತಾರೆ. ನಮ್ಮ ಬೀದಿಯಲ್ಲಿ ಶೀಟ್ ಇಲ್ಲದ ಟೆರೇಸ್ ಎಷ್ಟು ಉಂಟು, ನೀವೇ ಬಂದು ಎಣಿಸಿ.

ಬದಲಿ ಹಂಚು ಎಲ್ಲಿಂದ? ಕೆಡವಿದ ಮನೆಗಳಿಂದ. ಬಾವಿಕಟ್ಟೆಯ ಹಿಂದೆ ನಮ್ಮದೊಂದು ರಾಶಿ ಉಂಟು. ಕೆಲವದರಲ್ಲಿ ಬಾಸೆಲ್ ಮಿಷನ್ ಅಂತ ಉಬ್ಬು ಅಕ್ಷರ, ಕೆಲವದರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್. ಎರಡೂ ಒಂದೇ ಬೇರಿನವು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಷನ್‌ನ ಕಾರ್ಖಾನೆಗಳನ್ನು ವಶ ಮಾಡಿಕೊಂಡರು, ಆಮೇಲೆ ಅವು ಟ್ರಸ್ಟಿನ ಕೈಗೆ ಹೋದವು. ಅಲ್ಬುಕರ್ಕ್ ಕಾರ್ಖಾನೆಯ ಹಂಚೂ ಉಂಟು. ನನಗೆ ಮಾತ್ರ ಆ ಹೆಸರುಗಳಿಗಿಂತ ಬೇರೆ ಲೆಕ್ಕ. ಇದು ಟೈಲರ್ ಮನೆಯದ್ದು, ಇದು ಗೇಟಿನ ಹತ್ತಿರದ ಮೇಷ್ಟ್ರ ಮನೆಯದ್ದು. ಈ ಬೀದಿಯಲ್ಲಿ ಈಗ ಇಲ್ಲದ ಆರು ಮನೆ ನಮ್ಮ ಮಾಡಿನ ಮೇಲೆ ಉಂಟು.

ಕಳೆದ ವರ್ಷ ಎದುರು ಮನೆಯ ಬಾಯಮ್ಮ ಜಾಗ ಬಿಲ್ಡರ್‌ಗೆ ಕೊಟ್ಟರು. ಮಕ್ಕಳು ದುಬೈಯಲ್ಲಿ, ಇವರಿಗೆ ಮಂಡಿನೋವು, ಲಿಫ್ಟ್ ಇರುವ ಮನೆ ಬೇಕಿತ್ತು. ಕೊಟ್ಟದ್ದು ಸರಿಯೇ, ಅವರ ಸ್ಥಿತಿಯಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆ. "ಸೋಮವಾರ ಜೆಸಿಬಿ ಬರ್ತದೆ, ಹಂಚು ಬೇಕಾದಷ್ಟು ತಗೊಳ್ಳಿ" ಅಂದರು. ಇನ್ನೂರು ತಂದೆವು, ಮೂರು ದಾರಿಯಲ್ಲೇ ಒಡೆಯಿತು.

ತಿಂಗಳ ನಂತರ ಬಾಯಮ್ಮ ಬಂದು ಅಂಗಳದಲ್ಲಿ ನಿಂತು ಮೇಲೆ ನೋಡಿದರು. "ನಮ್ಮದು ಯಾವುದು?"

ಬಚ್ಚಲಿನ ಮಾಡು ತೋರಿಸಿದೆ.

"ಬಚ್ಚಲಿಗಾ?" ಮುಖ ಸಣ್ಣದಾಯಿತು. "ಚಾವಡಿಗೆ ಹಾಕಬಾರದಿತ್ತಾ?"

ಈ ಸಲ ಪತ್ತನಾಜೆಗೆ ಮೊದಲು ಚಾವಡಿಯ ಎದುರಿನ ಎರಡು ಸಾಲು ಬದಲಾಯಿಸಿದೆವು. ಬಾಯಮ್ಮನಿಗೆ ಇನ್ನೂ ಹೇಳಿಲ್ಲ. ಮಾರ್ನಮಿಗೆ ಊಟಕ್ಕೆ ಕರೆದಿದ್ದೇನೆ.